ಆಗ್ನೇಯ ಏಷ್ಯಾದ ದೇವಾಲಯ ಶಿಲ್ಪಗಳಲ್ಲಿ ನೃತ್ಯ ಮತ್ತು ಸಂಗೀತ

ಆಗ್ನೇಯ ಏಷ್ಯಾದ ಪ್ರಾಚೀನ ಹಿಂದೂ ಮತ್ತು ಬೌದ್ಧ ದೇವಾಲಯಗಳ ಉಬ್ಬುಶಿಲ್ಪಗಳಲ್ಲಿ ನರ್ತಕರು, ಗಾಯಕರು ಹಾಗೂ ವಾದ್ಯಗಾರರ ಚಿತ್ರಣ ಹೇರಳವಾಗಿ ಕಂಡುಬರುತ್ತದೆ. ಕ್ರಿ.ಶ. ೭ನೆಯ ಶತಮಾನದಿಂದ ೧೪ನೆಯ ಶತಮಾನದವರೆಗೆ ಇಂದಿನ ಇಂಡೊನೇಷ್ಯಾದ ಜಾವಾ ದ್ವೀಪ, ಕಾಂಬೋಡಿಯ ಮತ್ತು ಮಧ್ಯ ವಿಯೆಟ್ನಾಂನ ಚಂಪಾ ರಾಜ್ಯಗಳಲ್ಲಿ ಕೆತ್ತಲಾದ ಈ ಶಿಲ್ಪಗಳು ಆ ನಾಡುಗಳ ಸಂಗೀತ ಮತ್ತು ನೃತ್ಯದ ಇತಿಹಾಸಕ್ಕೆ ಪ್ರಮುಖ ಆಕರಗಳಾಗಿವೆ. ಆ ಕಾಲದ ಸಂಗೀತವನ್ನು ದಾಖಲಿಸಿದ ಸ್ವರಲಿಪಿ ಉಳಿದುಬಂದಿಲ್ಲ. ಮರ, ಬಿದಿರು, ಸೋರೆಬುರುಡೆ ಮತ್ತು ಚರ್ಮದಿಂದ ಮಾಡಿದ ವಾದ್ಯಗಳು ಉಷ್ಣವಲಯದ ತೇವದಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ಆದ್ದರಿಂದ ಕಲ್ಲಿನ ಚಿತ್ರ, ಶಾಸನ ಮತ್ತು ವಿದೇಶೀಯರ ಬರಹ, ಈ ಮೂರರ ಮೇಲೆಯೇ ಸಂಶೋಧಕರು ಬಹುಮಟ್ಟಿಗೆ ಅವಲಂಬಿಸಬೇಕಾಗಿದೆ.

ಈ ಶಿಲ್ಪಗಳು ಸ್ಥಳೀಯ ಕಲಾಪದ್ಧತಿಯನ್ನು ಕಣ್ಣಾರೆ ಕಂಡು ಕೆತ್ತಿದವುಗಳೇ ಅಥವಾ ಭಾರತದಿಂದ ಬಂದ ಮಾದರಿಗಳ ಅನುಕರಣೆಯೇ ಎಂಬುದು ಈ ಅಧ್ಯಯನದ ಮೂಲಪ್ರಶ್ನೆ. ಪ್ರತಿಯೊಂದು ದೇವಾಲಯಕ್ಕೂ, ಕೆಲವೊಮ್ಮೆ ಒಂದೇ ದೇವಾಲಯದ ಬೇರೆ ಬೇರೆ ಗೋಡೆಗಳಿಗೂ, ಇದಕ್ಕೆ ದೊರೆಯುವ ಉತ್ತರ ಬೇರೆಯಾಗಿದೆ. ೨೦ನೆಯ ಶತಮಾನದಲ್ಲಿ ಕಾಂಬೋಡಿಯ ಮತ್ತು ಇಂಡೊನೇಷ್ಯಾದ ಕಲಾವಿದರು ಈ ಶಿಲ್ಪಗಳನ್ನೇ ಆಧಾರವಾಗಿಟ್ಟುಕೊಂಡು ಹೊಸ ನೃತ್ಯಗಳನ್ನು ಸಂಯೋಜಿಸಿ, ಮರೆಯಾದ ವಾದ್ಯಗಳನ್ನು ಮರಳಿ ಕಟ್ಟತೊಡಗಿದ ಮೇಲೆ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ.

ಶಾಸನಗಳಲ್ಲಿ ಕಲಾವಿದರು

ಶಿಲ್ಪಗಳಲ್ಲಿ ಕಾಣುವವರು ಅಪ್ಸರೆಯರು, ಗಂಧರ್ವರು ಮತ್ತು ಕಿನ್ನರರು. ದೇವಾಲಯದ ಅಂಗಳದಲ್ಲಿ ನಿಜವಾಗಿ ಕುಣಿದು ನುಡಿಸಿದ ಮನುಷ್ಯರ ವಿವರ ಸಿಗುವುದು ಶಾಸನಗಳಲ್ಲಿ. ಕಾಂಬೋಡಿಯದ ೭ನೆಯ ಶತಮಾನದ ಹಳೆಯ ಖ್ಮೇರ್ ಭಾಷೆಯ ಶಾಸನಗಳಲ್ಲಿಯೇ ದೇವರಿಗೆ ದಾನವಾಗಿ ಕೊಡಲಾದ ನರ್ತಕಿಯರು, ಗಾಯಕರು ಮತ್ತು ವಾದಕರ ಪಟ್ಟಿಗಳಿವೆ. ೮೯೩ರಲ್ಲಿ ಒಂದನೆಯ ಯಶೋವರ್ಮನು ಪ್ರತಿಷ್ಠಾಪಿಸಿದ ಲೊಲೆಯ್ ದೇವಾಲಯದ ಬಾಗಿಲುಚೌಕಟ್ಟುಗಳ ಮೇಲೆ ಇಂತಹ ಸೇವಕರ ಹೆಸರುಗಳನ್ನು ಸಾಲುಸಾಲಾಗಿ ಕೊರೆಯಲಾಗಿದೆ. ಇವರನ್ನು ಸೂಚಿಸಲು ಬಳಸಿದ ‘ಖ್ಞುಂ’ ಎಂಬ ಪದಕ್ಕೆ ಆಳು ಅಥವಾ ದಾಸ ಎಂಬ ಅರ್ಥವಿದೆ. ಇಂದಿನ ಖ್ಮೇರ್ ಭಾಷೆಯಲ್ಲಿ ಅದೇ ಪದ ವಿನಯದಿಂದ ಹೇಳುವ ‘ನಾನು’ ಎಂಬ ಸರ್ವನಾಮವಾಗಿ ಉಳಿದಿದೆ. ಸಂಸ್ಕೃತ ಶ್ಲೋಕಗಳು ಅರಸನನ್ನೂ ದೇವರನ್ನೂ ಹೊಗಳುವುದಕ್ಕೆ ಮೀಸಲಾದರೆ, ಕಲಾವಿದರ ಹೆಸರು ಸಿಗುವುದು ಹೆಚ್ಚಾಗಿ ಖ್ಮೇರ್ ಭಾಷೆಯ ಈ ಲೆಕ್ಕಪತ್ರದಂತಹ ಭಾಗಗಳಲ್ಲಿ.

ಏಳನೆಯ ಜಯವರ್ಮನು ೧೧೮೬ರಲ್ಲಿ ಸ್ಥಾಪಿಸಿದ ತಾ ಪ್ರೋಮ್ ದೇವಾಲಯದ ಶಾಸನವು ಅಲ್ಲಿ ೬೧೫ ನರ್ತಕಿಯರಿದ್ದರೆಂದು ಹೇಳುತ್ತದೆ. ಅದೇ ಅರಸನ ರಾಣಿ ಜಯರಾಜದೇವಿಯು ಜಾತಕ ಕಥೆಗಳನ್ನು ಆಧರಿಸಿದ ನಾಟಕವನ್ನು ತನ್ನ ನರ್ತಕಿಯರಿಂದ ಆಡಿಸಿದ ಸಂಗತಿ ಫಿಮೀನಕಾಸ್ ಶಾಸನದಲ್ಲಿದೆ. ಈ ಸಂಸ್ಕೃತ ಶಾಸನವನ್ನು ರಚಿಸಿದವಳು ಆಕೆಯ ಅಕ್ಕ ಇಂದ್ರದೇವಿ. ಹೀಗೆ ನೃತ್ಯವು ದೇವರ ಸೇವೆಯಷ್ಟೇ ಆಗಿರದೆ ಕಥೆ ಹೇಳುವ ರಂಗಕಲೆಯೂ ಆಗಿತ್ತೆಂಬುದು ತಿಳಿಯುತ್ತದೆ.

ಜಾವಾದಲ್ಲಿ ಪರಿಸ್ಥಿತಿ ಭಿನ್ನವಾಗಿತ್ತು. ಭೂಮಿಗೆ ತೆರಿಗೆ ವಿನಾಯಿತಿ ನೀಡುವ ‘ಸೀಮಾ’ ಶಾಸನಗಳು ಆ ಸಂದರ್ಭದ ಹಬ್ಬದೂಟ ಮತ್ತು ಮನರಂಜನೆಯನ್ನು ವಿವರವಾಗಿ ದಾಖಲಿಸುತ್ತವೆ. ಮದ್ದಳೆಗಾರರು, ಹಾಡುಗಾರರು, ವಿದೂಷಕರು ಮೊದಲಾದವರು ಇವುಗಳಲ್ಲಿ ಬರುತ್ತಾರೆ. ಮದ್ದಳೆಗೆ ಬಳಸಿದ ‘ಪಡಹಿ’ ಎಂಬ ಹಳೆಯ ಜಾವಾ ಪದವು ಸಂಸ್ಕೃತದ ‘ಪಟಹ’ದಿಂದ ಬಂದದ್ದು. ಬಲಿತುಂಗ್ ಅರಸನ ಕಾಲದ ೯೦೭ರ ಶಾಸನವೊಂದು ದೇವರ ಪ್ರೀತ್ಯರ್ಥವಾಗಿ ಭೀಮನ ಕಥೆಯ ‘ವಯಾಂಗ್’ ಪ್ರದರ್ಶನ ನಡೆದುದನ್ನು ಹೇಳುತ್ತದೆ. ಜಾವಾದ ಬೊಂಬೆಯಾಟದ ಇತಿಹಾಸವನ್ನು ಬರೆಯುವವರೆಲ್ಲ ಈ ಶಾಸನವನ್ನು ಉಲ್ಲೇಖಿಸುತ್ತಾರೆ.

ಜಾವಾ

ಬೊರೊಬುದುರ್

ಶೈಲೇಂದ್ರ ವಂಶದ ಕಾಲದಲ್ಲಿ, ೮ನೆಯ ಶತಮಾನದ ಕೊನೆ ಮತ್ತು ೯ನೆಯ ಶತಮಾನದ ಆರಂಭದಲ್ಲಿ ನಿರ್ಮಾಣಗೊಂಡ ಬೊರೊಬುದುರ್ ಸ್ತೂಪದಲ್ಲಿ ಒಟ್ಟು ೨,೬೭೨ ಉಬ್ಬುಶಿಲ್ಪ ಫಲಕಗಳಿವೆ. ಅವುಗಳಲ್ಲಿ ೧,೪೬೦ ಫಲಕಗಳು ಕಥನರೂಪದವು. ಬುದ್ಧನ ಜೀವನವನ್ನು ನಿರೂಪಿಸುವ ‘ಲಲಿತವಿಸ್ತರ’, ಜಾತಕ ಮತ್ತು ಅವದಾನ ಕಥೆಗಳು ಹಾಗೂ ಸುಧನನ ಯಾತ್ರೆಯನ್ನು ಹೇಳುವ ‘ಗಂಡವ್ಯೂಹ’ ಇವುಗಳ ವಸ್ತು. ಅರಮನೆಯಲ್ಲಿ ಸಿದ್ಧಾರ್ಥನನ್ನು ರಂಜಿಸುವ ಅಂತಃಪುರದ ಸಂಗೀತ, ದೇವತೆಗಳ ಸಂತೋಷಕೂಟ, ಸ್ತೂಪಪೂಜೆಯ ಮೆರವಣಿಗೆ ಮುಂತಾದ ಸಂದರ್ಭಗಳಲ್ಲಿ ನೃತ್ಯ ಮತ್ತು ವಾದ್ಯಮೇಳ ಮರಳಿ ಮರಳಿ ಬರುತ್ತವೆ.

ಕೊಳಲು, ಶಂಖ, ಕಹಳೆ, ತಾಳ, ಗಂಟೆ, ಘಟ, ವಿವಿಧ ಗಾತ್ರದ ಮದ್ದಳೆಗಳು, ಬಿಲ್ಲಿನಂತೆ ಬಾಗಿದ ಹಾರ್ಪ್ ಜಾತಿಯ ವೀಣೆ, ಕೋಲಿಗೆ ಬುರುಡೆ ಕಟ್ಟಿದ ವೀಣೆ, ಗಿಡ್ಡ ಕುತ್ತಿಗೆಯ ತಂತಿವಾದ್ಯ, ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ, ಹಲವು ಕೊಳವೆಗಳನ್ನು ಜೋಡಿಸಿ ಬಾಯಿಂದ ಊದುವ ವಾದ್ಯ ಇವೆಲ್ಲವೂ ಇಲ್ಲಿವೆ. ಇಂದಿನ ಜಾವಾದ ಗಮೆಲಾನ್ ಮೇಳವನ್ನು ಕೇಳಿದವರಿಗೆ ಈ ಪಟ್ಟಿ ಆಶ್ಚರ್ಯ ತರುತ್ತದೆ. ಗಮೆಲಾನ್‌ನ ಜೀವಾಳವಾದ ಕಂಚಿನ ಜಾಗಟೆಗಳ ಸಾಲು ಬೊರೊಬುದುರ್‌ನಲ್ಲಿ ಇಲ್ಲ. ಬೊರೊಬುದುರ್‌ನಲ್ಲಿ ತುಂಬಿರುವ ಹಾರ್ಪ್ ಮತ್ತು ಬುರುಡೆವೀಣೆಗಳು ಗಮೆಲಾನ್‌ನಲ್ಲಿ ಇಲ್ಲ.

ಇದಕ್ಕೆ ಎರಡು ವಿವರಣೆಗಳು ಸಾಧ್ಯ. ಆ ಕಾಲದ ಜಾವಾದ ಸಂಗೀತವೇ ಬೇರೆಯಾಗಿತ್ತು ಎಂಬುದು ಒಂದು. ಬೌದ್ಧ ಕಥೆಗಳಿಗೆ ತಕ್ಕಂತೆ ಶಿಲ್ಪಿಗಳು ಭಾರತೀಯ ವಾದ್ಯಗಳನ್ನು ಕೆತ್ತಿದರು, ಊರಿನ ವಾದ್ಯಗಳನ್ನು ಹೊರಗಿಟ್ಟರು ಎಂಬುದು ಇನ್ನೊಂದು. ಈ ವಾದ್ಯಗಳನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ವರ್ಗೀಕರಿಸಿದವರು ಡಚ್ ಸಂಗೀತಶಾಸ್ತ್ರಜ್ಞ ಯಾಪ್ ಕುನ್ಸ್ಟ್. ಹಿಂದೂ-ಜಾವಾ ವಾದ್ಯಗಳ ಕುರಿತ ಅವರ ಗ್ರಂಥ ೧೯೨೭ರಲ್ಲಿ ಪ್ರಕಟವಾಯಿತು. ಅವರು ಶಿಲ್ಪಗಳನ್ನು ಹಳೆಯ ಜಾವಾ ಸಾಹಿತ್ಯ ಮತ್ತು ಶಾಸನಗಳಲ್ಲಿನ ವಾದ್ಯನಾಮಗಳೊಂದಿಗೆ ಹೋಲಿಸಿ ನೋಡಿದರು. ಇಂದಿಗೂ ಆ ಕ್ರಮವೇ ಹೆಚ್ಚು ವಿಶ್ವಾಸಾರ್ಹವೆನಿಸಿದೆ.

ಈ ಚರ್ಚೆಯಲ್ಲಿ ಬೊರೊಬುದುರ್‌ನ ಅಡಿಪಾಯದ ಶಿಲ್ಪಗಳಿಗೆ ವಿಶೇಷ ಸ್ಥಾನವಿದೆ. ಸತ್ಕರ್ಮ ಮತ್ತು ದುಷ್ಕರ್ಮಗಳ ಫಲವನ್ನು ತೋರಿಸುವ ‘ಕರ್ಮವಿಭಂಗ’ದ ೧೬೦ ಫಲಕಗಳನ್ನು ನಿರ್ಮಾಣಕಾಲದಲ್ಲಿಯೇ ಕಲ್ಲಿನ ಹೊದಿಕೆಯಿಂದ ಮುಚ್ಚಲಾಗಿತ್ತು. ೧೮೮೫ರಲ್ಲಿ ಅವು ಬೆಳಕಿಗೆ ಬಂದವು. ೧೮೯೦–೯೧ರಲ್ಲಿ ಜಾವಾದ ಛಾಯಾಗ್ರಾಹಕ ಕಾಸಿಯಾನ್ ಸೆಫಾಸ್ ಅವುಗಳ ಚಿತ್ರಗಳನ್ನು ತೆಗೆದರು. ಬಳಿಕ ಕಲ್ಲುಗಳನ್ನು ಮತ್ತೆ ಮೊದಲಿನಂತೆ ಜೋಡಿಸಲಾಯಿತು. ಈಗ ಆಗ್ನೇಯ ಮೂಲೆಯ ಕೆಲವು ಫಲಕಗಳು ಮಾತ್ರ ಕಾಣಸಿಗುತ್ತವೆ. ಮೇಲಿನ ಗ್ಯಾಲರಿಗಳಲ್ಲಿ ಅರಮನೆ ಮತ್ತು ದೇವಲೋಕವಿದ್ದರೆ ಇಲ್ಲಿ ಸಾಮಾನ್ಯ ಜನರಿದ್ದಾರೆ. ಬೀದಿಯಲ್ಲಿ ಆಟವಾಡಿ ಹಣ ಬೇಡುವ ಕಲಾವಿದರು ಮತ್ತು ಅವರನ್ನು ನೋಡುತ್ತ ನಿಂತ ಜನರು ಕಾಣುತ್ತಾರೆ. ಶಿಲ್ಪಿಯು ತನ್ನ ಸುತ್ತಲಿನ ಬದುಕನ್ನು ಕಂಡು ಕೆತ್ತಿರಬಹುದಾದ ಸಾಧ್ಯತೆ ಬೊರೊಬುದುರ್‌ನ ಬೇರೆಲ್ಲ ಭಾಗಗಳಿಗಿಂತ ಇಲ್ಲಿ ಹೆಚ್ಚು.

ಪ್ರಂಬಾನನ್

ಬೊರೊಬುದುರ್‌ಗೆ ಸಮೀಪದಲ್ಲಿರುವ ಪ್ರಂಬಾನನ್ ಶೈವ ದೇವಾಲಯ ಸಮುಚ್ಚಯವನ್ನು ೮೫೬ರ ಶಿವಗೃಹ ಶಾಸನದೊಂದಿಗೆ ಗುರುತಿಸಲಾಗುತ್ತದೆ. ೪೭ ಮೀಟರ್ ಎತ್ತರದ ಶಿವ ದೇವಾಲಯದ ಸುತ್ತಲಿನ ಕೈಪಿಡಿಗೋಡೆಯ ಒಳಮೈಯಲ್ಲಿ ರಾಮಾಯಣದ ಪ್ರಸಿದ್ಧ ಶಿಲ್ಪಗಳಿವೆ. ಪ್ರವಾಸಿಗರ ಗಮನ ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತದೆ. ಅದೇ ಗೋಡೆಯ ಹೊರಮೈಯಲ್ಲಿ ನರ್ತಕರು ಮತ್ತು ವಾದಕರ ೬೨ ಫಲಕಗಳಿವೆ. ಅವುಗಳಲ್ಲಿ ನರ್ತಕರ ದೇಹಭಂಗಿ ಬಹಳ ಸ್ಪಷ್ಟವಾಗಿದೆ. ಅರೆಮಂಡಿ, ಎತ್ತಿದ ಕಾಲು, ತಿರುಗಿದ ಸೊಂಟ, ಎದೆಯ ಮುಂದೆ ಹಾಯ್ದ ಕೈ ಇವೆಲ್ಲವನ್ನೂ ಒಂದೊಂದಾಗಿ ಗುರುತಿಸಬಹುದು.

ಭರತನ ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ ೧೦೮ ಕರಣಗಳ ಲಕ್ಷಣವಿದೆ. ಕರಣವೆಂದರೆ ಕೈ ಮತ್ತು ಕಾಲುಗಳ ಸಂಯೋಜಿತ ಚಲನೆ. ಪ್ರಂಬಾನನ್‌ನ ಫಲಕಗಳು ಈ ಕರಣಗಳನ್ನೇ ನಿರೂಪಿಸುತ್ತವೆ ಎಂದು ಅಲೆಸ್ಸಾಂಡ್ರಾ ಅಯ್ಯರ್ ೧೯೯೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದರು. ಇಂಡೊನೇಷ್ಯಾದ ಪುರಾತತ್ತ್ವಜ್ಞೆ ಎಡಿ ಸೆಡ್ಯಾವತಿ ಅವರೂ ಪ್ರಾಚೀನ ಜಾವಾದ ಶಿಲ್ಪಗಳಲ್ಲಿನ ನೃತ್ಯವನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಭರತನಾಟ್ಯ ಕಲಾವಿದೆ ಪದ್ಮಾ ಸುಬ್ರಹ್ಮಣ್ಯಂ ಅವರ ಕರಣ ಸಂಶೋಧನೆಯೂ ಈ ಫಲಕಗಳನ್ನು ಒಳಗೊಂಡಿದೆ.

ಕಾಲಾನುಕ್ರಮದ ದೃಷ್ಟಿಯಿಂದ ಇದು ಮಹತ್ವದ ಸಂಗತಿ. ಭಾರತದಲ್ಲಿ ಕರಣಗಳನ್ನು ಸಾಲಾಗಿ ಕೆತ್ತಿದ ಪ್ರಸಿದ್ಧ ಉದಾಹರಣೆ ತಂಜಾವೂರಿನ ಬೃಹದೀಶ್ವರ ದೇವಾಲಯ. ೧೦೧೦ರ ಸುಮಾರಿಗೆ ಪೂರ್ಣಗೊಂಡ ಆ ದೇವಾಲಯದಲ್ಲಿ ೮೧ ಕರಣಗಳಿವೆ. ಕರಣಗಳ ಲಕ್ಷಣಶ್ಲೋಕಗಳೊಂದಿಗೆ ಕೆತ್ತಿರುವ ಚಿದಂಬರದ ಗೋಪುರಶಿಲ್ಪಗಳು ಇನ್ನೂ ಈಚಿನವು. ಪ್ರಂಬಾನನ್‌ನ ಫಲಕಗಳನ್ನು ಕರಣಗಳೆಂದು ಒಪ್ಪಿದರೆ ಅವು ತಂಜಾವೂರಿಗಿಂತ ಸುಮಾರು ಒಂದೂವರೆ ಶತಮಾನ ಹಳೆಯವಾಗುತ್ತವೆ. ಆದರೆ ಒಪ್ಪಿಗೆ ಅಷ್ಟು ಸುಲಭವಲ್ಲ. ಪ್ರಂಬಾನನ್‌ನಲ್ಲಿ ಹೆಸರು ಸೂಚಿಸುವ ಬರಹವಿಲ್ಲ, ನಾಟ್ಯಶಾಸ್ತ್ರದ ಅನುಕ್ರಮವೂ ಕಾಣುವುದಿಲ್ಲ. ಕರಣವು ಚಲನೆಯಾದ್ದರಿಂದ ಶಿಲ್ಪವು ಅದರ ಒಂದು ಕ್ಷಣವನ್ನು ಮಾತ್ರ ಹಿಡಿಯಬಲ್ಲದು. ಶಿಲ್ಪಿ ಆರಿಸಿಕೊಂಡ ಕ್ಷಣ ಆರಂಭದ್ದೋ ನಡುವಿನದೋ ಕೊನೆಯದೋ ಎಂಬುದರ ಮೇಲೆ ಒಂದೇ ಫಲಕವನ್ನು ಬೇರೆ ಬೇರೆ ಕರಣಗಳೆಂದು ಓದುವ ಅವಕಾಶ ಉಳಿಯುತ್ತದೆ.

ಪನತರನ್

೧೦ನೆಯ ಶತಮಾನದಲ್ಲಿ ಅಧಿಕಾರಕೇಂದ್ರವು ಪೂರ್ವ ಜಾವಾಕ್ಕೆ ಸರಿದ ಮೇಲೆ ಶಿಲ್ಪಶೈಲಿ ಬದಲಾಯಿತು. ಆಕೃತಿಗಳು ಚಪ್ಪಟೆಯಾಗಿ ತೊಗಲುಬೊಂಬೆಗಳನ್ನು ಹೋಲತೊಡಗಿದವು. ಮಜಪಹಿತ್ ಕಾಲದ ಪನತರನ್ ದೇವಾಲಯದಲ್ಲಿ, ೧೩೭೫ರ ತಾರೀಖಿರುವ ಜಗತಿಯೂ ಸೇರಿದಂತೆ, ಕಾಣುವ ವಾದ್ಯಗಳು ಇಂದಿನ ಬಾಲಿ ಮತ್ತು ಜಾವಾದ ವಾದ್ಯಗಳಿಗೆ ಬಹಳ ಹತ್ತಿರ. ಕೋಲಿನ ಎರಡು ತುದಿಗಳಿಗೆ ಎರಡು ಚಿಕ್ಕ ಜಾಗಟೆಗಳನ್ನು ಜೋಡಿಸಿದ ‘ರೆಯೊಂಗ್’ ಮತ್ತು ಕವಲೊಡೆದ ಬಡಿಗೋಲಿನಿಂದ ನುಡಿಸುವ ಮರದ ಪಟ್ಟಿಗಳ ವಾದ್ಯ ಇಲ್ಲಿವೆ. ಬಾಲಿಯ ‘ಗಂಬಾಂಗ್’ ವಾದ್ಯವನ್ನು ಇಂದಿಗೂ ಅಂತಹ ಕವಲುಕೋಲಿನಿಂದಲೇ ನುಡಿಸುತ್ತಾರೆ.

ಚಂಪಾ

ಮಧ್ಯ ವಿಯೆಟ್ನಾಂನ ಮಿ ಸನ್ ಕಣಿವೆಯಲ್ಲಿ ಚಾಮ್ ಅರಸರು ಕಟ್ಟಿಸಿದ ಶೈವ ದೇವಾಲಯಗಳು ಇಟ್ಟಿಗೆಯವು. ಅವುಗಳ ಪೀಠಗಳು ಮತ್ತು ಬಾಗಿಲ ಮೇಲಿನ ಫಲಕಗಳು ಮರಳುಗಲ್ಲಿನವು. ೭ನೆಯ ಶತಮಾನದ ಲಿಂಗಪೀಠವೊಂದರ ಸುತ್ತಲೂ ಕಾಡಿನಲ್ಲಿ ವಾಸಿಸುವ ತಪಸ್ವಿಗಳ ದೃಶ್ಯಗಳಿದ್ದು, ಅವರ ನಡುವೆ ಕೊಳಲು ಊದುವವರೂ ತಂತಿವಾದ್ಯ ನುಡಿಸುವವರೂ ಇದ್ದಾರೆ. ಅದರ ಮೆಟ್ಟಿಲಿನ ಮುಖದಲ್ಲಿ ಬಟ್ಟೆಯನ್ನು ಕೈಯಲ್ಲಿ ಹಿಡಿದು ಕುಣಿಯುವ ನರ್ತಕರಿದ್ದಾರೆ. ೧೦ನೆಯ ಶತಮಾನದ್ದೆಂದು ಹೇಳಲಾಗುವ ತ್ರಾ ಕಿಯೂ ಪೀಠದ ನರ್ತಕಿ ಚಾಮ್ ಕಲೆಯ ಅತ್ಯಂತ ಪರಿಚಿತ ಶಿಲ್ಪ. ಮಣಿಸರಗಳ ಉಡುಪು, ಬಳುಕಿದ ನಡು ಮತ್ತು ಬಾಗಿದ ಮಂಡಿಗಳಿರುವ ಆಕೆಯ ಸನಿಹದಲ್ಲಿ ವೀಣೆ ಹಿಡಿದ ಗಂಧರ್ವನಿದ್ದಾನೆ. ಫೊಂಗ್ ಲೆ ಎಂಬಲ್ಲಿ ದೊರೆತ ನರ್ತಿಸುವ ಶಿವನ ಫಲಕವೂ ಅದೇ ಕಾಲದ್ದು. ಇವುಗಳನ್ನು ಡಾ ನಾಂಗ್ ನಗರದ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿ ನೋಡಬಹುದು. ೧೯೧೯ರಲ್ಲಿ ತೆರೆದ ಈ ಸಂಗ್ರಹಾಲಯಕ್ಕೆ ಅಡಿಪಾಯ ಹಾಕಿದವರಲ್ಲಿ ಫ್ರೆಂಚ್ ವಾಸ್ತುವಿದ ಆನ್ರಿ ಪಾರ್ಮಾಂತಿಯೇ ಪ್ರಮುಖರು.

ಚಂಪಾದ ಸಂಗೀತಕ್ಕೆ ಹೊರನಾಡುಗಳಲ್ಲಿಯೂ ಹೆಸರಿತ್ತು. ಲಿನ್‌ಯಿ ಅಥವಾ ಚಂಪಾದಿಂದ ಬಂದ ಬುತ್ತೆತ್ಸು ಎಂಬ ಬೌದ್ಧ ಭಿಕ್ಷು ೭೩೬ರಲ್ಲಿ ಜಪಾನನ್ನು ತಲುಪಿದನೆಂದೂ, ಜಪಾನಿನ ಆಸ್ಥಾನ ಸಂಗೀತವಾದ ಗಗಾಕುವಿನಲ್ಲಿ ‘ರಿನ್‌ಯೂಗಕು’ ಎಂದು ಕರೆಯಲಾಗುವ ರಚನೆಗಳು ಅವನ ಮೂಲಕ ಬಂದವೆಂದೂ ಪರಂಪರೆ ಹೇಳುತ್ತದೆ. ಇಂದಿನ ವಿಯೆಟ್ನಾಂನ ಚಾಮ್ ಜನರ ವಿಧಿಗಳಲ್ಲಿ ಗಿನಾಂಗ್ ಮತ್ತು ಬರಾನುಂಗ್ ಎಂಬ ಚರ್ಮವಾದ್ಯಗಳೂ ಶಹನಾಯಿ ಜಾತಿಯ ಸರನೈಯೂ ಮುಖ್ಯವಾಗಿವೆ. ಶಿಲ್ಪಗಳಲ್ಲಿನ ತಂತಿವಾದ್ಯಗಳು ಅಲ್ಲಿ ಉಳಿದಿಲ್ಲ.

ಖ್ಮೇರ್ ದೇವಾಲಯಗಳು

ಅಂಗ್ಕೋರ್‌ಗಿಂತ ಹಿಂದಿನ ಸಂಬೋರ್ ಪ್ರೆಯ್ ಕುಕ್ ಕಾಲದ, ಅಂದರೆ ೭ನೆಯ ಶತಮಾನದ ಬಾಗಿಲುವಾಡದ ಮೇಲ್ತೊಲೆಗಳಲ್ಲಿಯೇ ವಾದ್ಯಮೇಳದ ಚಿತ್ರಣ ಆರಂಭವಾಗುತ್ತದೆ. ೯೬೭ರಲ್ಲಿ ಪ್ರತಿಷ್ಠೆಗೊಂಡ ಬಂತೆಯ್ ಸ್ರೆಯ್ ದೇವಾಲಯದ ಪೂರ್ವ ಗೋಪುರದ ಕಮಾನುಫಲಕದಲ್ಲಿ ಹತ್ತು ಕೈಗಳ ಶಿವನು ನರ್ತಿಸುತ್ತಿದ್ದಾನೆ. ಅವನ ಪಾದದ ಬಳಿ ಒಂದು ಪಕ್ಕದಲ್ಲಿ ಮದ್ದಳೆಗಾರನಿದ್ದರೆ ಇನ್ನೊಂದು ಪಕ್ಕದಲ್ಲಿ ಜೋತುಬಿದ್ದ ಎದೆಯ, ಎಲುಬು ಕಾಣುವ ಮುದುಕಿಯೊಬ್ಬಳು ಕುಳಿತಿದ್ದಾಳೆ. ಈಕೆಯನ್ನು ತಮಿಳುನಾಡಿನ ಶಿವಭಕ್ತೆ ಕಾರೈಕ್ಕಾಲ್ ಅಮ್ಮೈಯಾರ್ ಎಂದು ಗುರುತಿಸಲಾಗಿದೆ. ದಕ್ಷಿಣ ಭಾರತದ ಭಕ್ತಿಪರಂಪರೆಯ ಕಥೆಯೊಂದು ೧೦ನೆಯ ಶತಮಾನದಲ್ಲಿಯೇ ಕಾಂಬೋಡಿಯವನ್ನು ತಲುಪಿತ್ತೆಂಬುದಕ್ಕೆ ಇದು ನೇರವಾದ ಸಾಕ್ಷ್ಯ. ಆದರೆ ಶಿವನ ನಿಲುವು ಚೋಳರ ಕಂಚಿನ ನಟರಾಜನದಲ್ಲ. ಎತ್ತಿ ಅಡ್ಡಲಾಗಿ ಚಾಚಿದ ಕಾಲು ಇಲ್ಲಿಲ್ಲ, ಪಾದದಡಿಯಲ್ಲಿ ಅಪಸ್ಮಾರನೂ ಇಲ್ಲ. ಬಹುಭುಜದ ನೃತ್ತಮೂರ್ತಿಯ ಈ ಕಲ್ಪನೆಯು ಬಾದಾಮಿಯ ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನಂತಹ ಹಳೆಯ ಶಿಲ್ಪಗಳನ್ನು ಹೆಚ್ಚು ನೆನಪಿಸುತ್ತದೆ.

ಅಂಗ್ಕೋರ್ ವಾಟ್

ಎರಡನೆಯ ಸೂರ್ಯವರ್ಮನು ೧೨ನೆಯ ಶತಮಾನದ ಮೊದಲರ್ಧದಲ್ಲಿ ಕಟ್ಟಿಸಿದ ಅಂಗ್ಕೋರ್ ವಾಟ್‌ನ ಗೋಡೆಗಳಲ್ಲಿ ಸುಮಾರು ೧,೮೦೦ ಸ್ತ್ರೀಮೂರ್ತಿಗಳಿವೆ. ಪ್ರವಾಸಿ ಬರಹಗಳು ಇವರೆಲ್ಲರನ್ನೂ ಅಪ್ಸರೆಯರೆಂದು ಕರೆಯುವುದುಂಟು. ಇದು ಸರಿಯಲ್ಲ. ಹೂವು ಹಿಡಿದು ನೇರವಾಗಿ ನಿಂತಿರುವವರು ದೇವತೆಯರು, ಖ್ಮೇರ್ ಉಚ್ಚಾರಣೆಯಲ್ಲಿ ‘ತೆವೋದಾ’. ಕುಣಿಯುತ್ತಲೋ ಹಾರುತ್ತಲೋ ಇರುವವರು ಮಾತ್ರ ಅಪ್ಸರೆಯರು. ಪೂರ್ವ ಗ್ಯಾಲರಿಯ ಸಮುದ್ರಮಥನ ಫಲಕದ ಮೇಲ್ಭಾಗದಲ್ಲಿ ಕ್ಷೀರಸಾಗರದಿಂದ ಹುಟ್ಟಿ ಬಂದ ಅಂತಹ ಅಪ್ಸರೆಯರ ಹಿಂಡೇ ಇದೆ. ನೃತ್ಯದ ಇತಿಹಾಸಕ್ಕೆ ನಿಂತ ದೇವತೆಯರಿಂದ ತಿಳಿಯುವುದು ಉಡುಪು, ಕೇಶಾಲಂಕಾರ ಮತ್ತು ಆಭರಣಗಳಷ್ಟೇ.

ದಕ್ಷಿಣ ಗ್ಯಾಲರಿಯ ರಾಜಮೆರವಣಿಗೆಯಲ್ಲಿ ಕಹಳೆ, ಶಂಖ ಮತ್ತು ಡೋಲುಗಳೊಂದಿಗೆ ಇಬ್ಬರು ಹೊತ್ತು ನಡೆಯುವ ಅಡ್ಡಕೋಲಿಗೆ ತೂಗುಬಿಟ್ಟ ದೊಡ್ಡ ಜಾಗಟೆಯಿದೆ. ಅದನ್ನು ಬಡಿಯುವವನು ಕುಣಿಯುವಂತೆ ಹೆಜ್ಜೆ ಹಾಕುತ್ತಿದ್ದಾನೆ. ಉತ್ತರ ಗ್ಯಾಲರಿಯ ಶಿಲ್ಪಗಳ ವಿಷಯದಲ್ಲಿ ಎಚ್ಚರ ಬೇಕು. ಆ ಗ್ಯಾಲರಿಯ ಕೆಲವು ಭಾಗಗಳನ್ನು ಕೆತ್ತಿದ್ದು ೧೬ನೆಯ ಶತಮಾನದಲ್ಲಿ. ಅಲ್ಲಿ ಕಾಣುವ ವಾದ್ಯವೊಂದನ್ನು ಸೂರ್ಯವರ್ಮನ ಕಾಲದ್ದೆಂದು ಹೇಳಿದರೆ ನಾಲ್ಕು ಶತಮಾನಗಳ ತಪ್ಪಾಗುತ್ತದೆ.

ಬಯೋನ್

೧೨೦೦ರ ಆಸುಪಾಸಿನಲ್ಲಿ ಏಳನೆಯ ಜಯವರ್ಮನು ಕಟ್ಟಿಸಿದ ಬಯೋನ್ ದೇವಾಲಯದ ಹೊರ ಗ್ಯಾಲರಿಯು ಆಗ್ನೇಯ ಏಷ್ಯಾದ ಸಂಗೀತ ಇತಿಹಾಸಕ್ಕೆ ಸಿಕ್ಕಿರುವ ಅತ್ಯಂತ ಸಮೃದ್ಧ ಆಕರಗಳಲ್ಲಿ ಒಂದು. ಮಾರುಕಟ್ಟೆ, ಅಡುಗೆ, ಕೋಳಿಕಾಳಗ ಮತ್ತು ಹೆರಿಗೆಯ ದೃಶ್ಯಗಳ ನಡುವೆ ದೊಂಬರಾಟದಂತಹ ಪ್ರದರ್ಶನವೊಂದಿದೆ. ಒಬ್ಬ ಬೆನ್ನ ಮೇಲೆ ಮಲಗಿ ಕಾಲಿನಿಂದ ಚಕ್ರ ತಿರುಗಿಸುತ್ತಿದ್ದಾನೆ, ಇನ್ನೊಬ್ಬ ಮಕ್ಕಳನ್ನು ಎತ್ತಿ ಹಿಡಿದು ತೂಗುತ್ತಿದ್ದಾನೆ. ಅವರ ಪಕ್ಕದಲ್ಲಿಯೇ ಹಾರ್ಪ್ ಮತ್ತು ಬುರುಡೆವೀಣೆಯ ವಾದಕರು ಕುಳಿತಿದ್ದಾರೆ. ಯಾವುದೇ ಪುರಾಣದ ಕಥೆಗೂ ಸೇರದ ಈ ದೃಶ್ಯವನ್ನು ಶಾಸ್ತ್ರಗ್ರಂಥದಿಂದ ಎತ್ತಿಕೊಂಡದ್ದೆಂದು ಹೇಳಲಾಗದು. ಹಾಗಾಗಿ ಅದರಲ್ಲಿ ಕಾಣುವ ವಾದ್ಯಗಳು ಆ ಕಾಲದ ಕಾಂಬೋಡಿಯದಲ್ಲಿ ನಿಜವಾಗಿ ಬಳಕೆಯಲ್ಲಿದ್ದವೆಂದು ನಂಬಲು ಬಲವಾದ ಕಾರಣವಿದೆ.

ಬಯೋನ್‌ನ ಕಂಬಗಳ ಮೇಲೆ ಕಮಲದಲ್ಲಿ ಕುಣಿಯುವ ಅಪ್ಸರೆಯರು ಒಬ್ಬೊಬ್ಬರಾಗಿ, ಇಬ್ಬರಾಗಿ ಅಥವಾ ಮೂವರ ಗುಂಪಾಗಿ ಬರುತ್ತಾರೆ. ಎರಡೂ ಮಂಡಿಗಳನ್ನು ಹೊರಕ್ಕೆ ಬಾಗಿಸಿ, ಒಂದು ಕಾಲನ್ನು ಎತ್ತಿ, ಬೆರಳುಗಳನ್ನು ಹಿಂದಕ್ಕೆ ಬಳುಕಿಸಿರುವ ಇದೇ ಭಂಗಿ ಅದೇ ಅರಸನು ಕಟ್ಟಿಸಿದ ಪ್ರೇಹ್ ಖಾನ್ ದೇವಾಲಯದಲ್ಲಿಯೂ ಸಾಲಾಗಿ ಕಾಣುತ್ತದೆ. ಅಲ್ಲಿನ ಮಂಟಪಕ್ಕೆ ‘ನರ್ತಕಿಯರ ಮಂಟಪ’ವೆಂದು ಇಂದು ಹೆಸರಿರುವುದು ಬಾಗಿಲುಗಳ ಮೇಲಿನ ಆ ಅಪ್ಸರೆಯರ ಪಟ್ಟಿಕೆಯಿಂದ. ಆ ಹೆಸರು ಆಧುನಿಕರು ಕೊಟ್ಟದ್ದು.

ಇತರ ಪ್ರದೇಶಗಳು

ಥೈಲ್ಯಾಂಡಿನ ಖು ಬುವಾದಲ್ಲಿ ದೊರೆತ ದ್ವಾರಾವತಿ ಕಾಲದ ಸ್ತ್ರೀ ವಾದಕಿಯರ ಫಲಕ ಪ್ರಸಿದ್ಧವಾದರೂ ಅದು ಗಚ್ಚಿನದು. ಮ್ಯಾನ್ಮಾರಿನ ಶ್ರೀಕ್ಷೇತ್ರದಲ್ಲಿ ದೊರೆತ ವಾದಕ ಮತ್ತು ನರ್ತಕರ ಚಿಕ್ಕ ವಿಗ್ರಹಗಳು ಕಂಚಿನವು. ಶ್ರೀಕ್ಷೇತ್ರವನ್ನು ಕಟ್ಟಿದ ಪ್ಯೂ ಜನರ ನಾಡಿನಿಂದ ೮೦೨ರಲ್ಲಿ ೩೫ ಮಂದಿ ಸಂಗೀತಗಾರರ ತಂಡ ಚೀನಾದ ತಾಂಗ್ ಆಸ್ಥಾನಕ್ಕೆ ಹೋದುದನ್ನು ಚೀನೀ ಇತಿಹಾಸಗ್ರಂಥಗಳು ವಾದ್ಯಗಳ ವಿವರದೊಂದಿಗೆ ದಾಖಲಿಸಿವೆ. ಉತ್ತರ ವಿಯೆಟ್ನಾಂನ ಫಾತ್ ತಿಚ್ ಬೌದ್ಧಾಲಯದ ೧೧ನೆಯ ಶತಮಾನದ ಕಲ್ಲಿನ ಕಂಬಪೀಠದಲ್ಲಿಯೂ ವಾದಕರ ಸಾಲಿದೆ.

ಎರಡು ವಾದ್ಯಗಳ ಚರಿತ್ರೆ

ಬಿಲ್ಲಿನಂತೆ ಬಾಗಿದ ಹಾರ್ಪ್ ಜಾತಿಯ ವೀಣೆ ಪ್ರಾಚೀನ ಭಾರತದಲ್ಲಿ ಸಾಮಾನ್ಯವಾಗಿತ್ತು. ಗುಪ್ತ ಚಕ್ರವರ್ತಿ ಸಮುದ್ರಗುಪ್ತನು ತನ್ನ ಚಿನ್ನದ ನಾಣ್ಯಗಳಲ್ಲಿ ತೊಡೆಯ ಮೇಲಿಟ್ಟು ನುಡಿಸುತ್ತಿರುವುದು ಇದನ್ನೇ. ತಮಿಳು ಸಾಹಿತ್ಯದ ಯಾಳ್ ಕೂಡ ಇದೇ ವರ್ಗದ್ದು. ಮೊದಲ ಸಹಸ್ರಮಾನದ ಕೊನೆಯ ಹೊತ್ತಿಗೆ ಭಾರತದ ಶಿಲ್ಪಗಳಿಂದ ಇದು ಬಹುಮಟ್ಟಿಗೆ ಮರೆಯಾಯಿತು. ಬಯೋನ್‌ನಲ್ಲಿ ಮಾತ್ರ ೧೨೦೦ರ ಸುಮಾರಿಗೂ ಅದು ಕಾಣುತ್ತದೆ. ಶಿಲ್ಪಿಗಳು ಸಮಕಾಲೀನ ಭಾರತವನ್ನು ಅನುಕರಿಸುತ್ತಿರಲಿಲ್ಲ, ಎಂದೋ ಬಂದು ಊರಿನದೇ ಆಗಿಹೋದ ವಾದ್ಯವನ್ನು ಕೆತ್ತುತ್ತಿದ್ದರು ಎಂಬ ವಾದಕ್ಕೆ ಇದು ಒಳ್ಳೆಯ ಆಧಾರ. ಅಂಗ್ಕೋರ್ ಕಾಲದ ನಂತರ ಕಾಂಬೋಡಿಯದಲ್ಲಿಯೂ ಹಾರ್ಪ್ ಅಳಿಯಿತು. ಮ್ಯಾನ್ಮಾರಿನಲ್ಲಿ ‘ಸೌಂಗ್’ ಎಂಬ ಹೆಸರಿನಲ್ಲಿ ಅದರ ಪರಂಪರೆ ಜೀವಂತವಾಗಿದೆ.

ಬುರುಡೆವೀಣೆಯ ಕಥೆ ಬೇರೆ. ಉದ್ದನೆಯ ಕೋಲು, ಒಂದು ತಂತಿ, ಎದೆಗೆ ಒತ್ತಿ ಹಿಡಿಯುವ ಅರ್ಧ ಸೋರೆಬುರುಡೆ ಇವಿಷ್ಟೇ ಇರುವ ‘ಖ್ಸೆ ದಿಯೆವ್’ ಎಂಬ ವಾದ್ಯ ಕಾಂಬೋಡಿಯದಲ್ಲಿ ಇಂದಿಗೂ ಇದೆ. ‘ಒಂದೇ ತಂತಿ’ ಎಂಬುದು ಹೆಸರಿನ ಅರ್ಥ. ಮದುವೆಯ ಮತ್ತು ಆತ್ಮಾರಾಧನೆಯ ಹಳೆಯ ಮೇಳಗಳಲ್ಲಿ ಬಳಕೆಯಾಗುವ ಇದನ್ನು ನುಡಿಸಬಲ್ಲವರು ಕೆಲವರೇ. ಬುರುಡೆಯನ್ನು ಎದೆಗೆ ತಾಗಿಸಿ ಬಿಡಿಸುವುದರಿಂದ ನಾದ ತೆರ ಮತ್ತು ಮುಚ್ಚು ಆಗುತ್ತದೆ. ಶಿಲ್ಪಗಳಲ್ಲಿ ವಾದಕನು ಬುರುಡೆಯನ್ನು ಎದೆಗೋ ಭುಜಕ್ಕೋ ಒರಗಿಸಿ ಹಿಡಿದಿರುವುದರ ಅರ್ಥ ಸ್ಪಷ್ಟವಾದದ್ದು ಜೀವಂತ ವಾದಕರನ್ನು ನೋಡಿದ ಮೇಲೆಯೇ. ಸಂಸ್ಕೃತ ಗ್ರಂಥಗಳ ಏಕತಂತ್ರೀ ಮತ್ತು ಆಲಾಪಿನೀ ವೀಣೆಗಳು ಇದರ ಬಂಧುಗಳು. ಕೋಲಿಗೆ ಬುರುಡೆ ಕಟ್ಟುವ ಇದೇ ದೊಡ್ಡ ಕುಟುಂಬಕ್ಕೆ ಕರ್ನಾಟಕದ ಕಿನ್ನರಿ ಜೋಗಿಗಳು ನುಡಿಸುವ ಕಿನ್ನರಿಯೂ ಸೇರುತ್ತದೆ.

ಸಾಕ್ಷ್ಯದ ಮಿತಿಗಳು

ಉಬ್ಬುಶಿಲ್ಪದಿಂದ ವಾದ್ಯದ ಆಕಾರ, ಹಿಡಿಯುವ ರೀತಿ, ಮೇಳದ ಜೋಡಣೆ ಮತ್ತು ಸಂದರ್ಭಗಳು ತಿಳಿಯುತ್ತವೆ. ಶ್ರುತಿ, ರಾಗ, ತಾಳ ಮತ್ತು ಹಾಡಿನ ಸಾಹಿತ್ಯ ತಿಳಿಯುವುದಿಲ್ಲ. ತೆಳ್ಳನೆಯ ತಂತಿಗಳನ್ನು ಕಲ್ಲಿನಲ್ಲಿ ತೋರಿಸುವುದು ಕಷ್ಟವಾದ್ದರಿಂದ ಶಿಲ್ಪಿಗಳು ಅವುಗಳ ಸಂಖ್ಯೆಯನ್ನು ಕಡಿಮೆ ಮಾಡುವುದು ಅಥವಾ ಬಿಟ್ಟುಬಿಡುವುದು ಸಹಜ. ಆದ್ದರಿಂದ ಹಾರ್ಪ್‌ಗೆ ಎಷ್ಟು ತಂತಿಗಳಿದ್ದವೆಂಬುದನ್ನು ಶಿಲ್ಪವನ್ನು ಎಣಿಸಿ ನಿರ್ಧರಿಸಲಾಗದು. ಸಮರೂಪತೆಗಾಗಿ ಫಲಕದ ಎಡಬಲಗಳನ್ನು ಅದಲುಬದಲು ಮಾಡಿರುವ ಕಡೆ ವಾದಕನು ಎಡಗೈಯವನಂತೆ ಕಾಣಬಹುದು.

ಈ ಶಿಲ್ಪಗಳ ವ್ಯಾಖ್ಯಾನ ರಾಜಕೀಯದಿಂದಲೂ ಮುಕ್ತವಾಗಿರಲಿಲ್ಲ. ೨೦ನೆಯ ಶತಮಾನದ ಮೊದಲರ್ಧದಲ್ಲಿ ಆರ್. ಸಿ. ಮಜುಂದಾರ್ ಮೊದಲಾದ ಇತಿಹಾಸಕಾರರು ಈ ನಾಡುಗಳನ್ನು ‘ಬೃಹತ್ತರ ಭಾರತ’ದ ಭಾಗವಾಗಿ ಕಂಡರು. ಜಾರ್ಜ್ ಸೆಡೆಸ್ ‘ಭಾರತೀಕರಣಗೊಂಡ ರಾಜ್ಯಗಳು’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಓ. ಡಬ್ಲ್ಯು. ವೋಲ್ಟರ್ಸ್ ಅವರು ಹೊರಗಿನಿಂದ ಬಂದದ್ದನ್ನು ಸ್ಥಳೀಯರು ತಮಗೆ ಬೇಕಾದಂತೆ ಆರಿಸಿ ಮಾರ್ಪಡಿಸಿಕೊಂಡ ಬಗೆಗೆ ಒತ್ತು ನೀಡಿದರು. ಸಂಗೀತದ ಸಾಕ್ಷ್ಯವು ಯಾವುದೇ ಒಂದು ಪಕ್ಷಕ್ಕೆ ಪೂರ್ತಿಯಾಗಿ ಒಲಿಯುವುದಿಲ್ಲ. ಪ್ರಂಬಾನನ್‌ನ ನೃತ್ಯಫಲಕಗಳು ಮೊದಲನೆಯ ನಿಲುವಿನತ್ತ ವಾಲಿದರೆ ಬಯೋನ್‌ನ ಹೊರ ಗ್ಯಾಲರಿ ಮತ್ತು ಪನತರನ್ ಕೊನೆಯದರತ್ತ ವಾಲುತ್ತವೆ.

ಆಧುನಿಕ ಪುನಾರಚನೆ

ಕಾಂಬೋಡಿಯದ ರಾಜನೃತ್ಯವನ್ನು ಅಂಗ್ಕೋರ್‌ನ ಶಿಲ್ಪಗಳೊಂದಿಗೆ ಹೋಲಿಸಿ ಅಧ್ಯಯನ ಮಾಡಿದ ಆರಂಭಿಕರಲ್ಲಿ ಜಾರ್ಜ್ ಗ್ರೋಲಿಯೇ ಒಬ್ಬರು. ಈ ವಿಷಯದ ಅವರ ಪುಸ್ತಕ ೧೯೧೩ರಲ್ಲಿ ಹೊರಬಂತು. ಅದಕ್ಕೆ ಕೆಲವೇ ವರ್ಷಗಳ ಮೊದಲು, ೧೯೦೬ರಲ್ಲಿ, ಸಿಸೊವಾತ್ ದೊರೆಯ ನೃತ್ಯತಂಡ ಫ್ರಾನ್ಸಿಗೆ ಹೋದಾಗ ಶಿಲ್ಪಿ ರೋದ್ಯಾ ಆ ನರ್ತಕಿಯರ ಅನೇಕ ರೇಖಾಚಿತ್ರಗಳನ್ನು ಬಿಡಿಸಿದ್ದರು. ಇಂದು ಜಗತ್ತಿನಾದ್ಯಂತ ಪರಿಚಿತವಾಗಿರುವ ‘ಅಪ್ಸರಾ ನೃತ್ಯ’ವನ್ನು ೨೦ನೆಯ ಶತಮಾನದ ಮಧ್ಯಭಾಗದಲ್ಲಿ ರಾಣಿ ಸಿಸೊವಾತ್ ಕೊಸ್ಸಮಕ್ ಅವರ ಆಶ್ರಯದಲ್ಲಿ ಸಂಯೋಜಿಸಲಾಯಿತು. ಅವರ ಮೊಮ್ಮಗಳು ರಾಜಕುಮಾರಿ ನೊರೊದಮ್ ಬುಪ್ಫಾ ದೇವಿ ಮುಖ್ಯ ಅಪ್ಸರೆಯಾಗಿ ಹೆಸರಾದರು. ಇದರ ಕಿರೀಟ ಮತ್ತು ಉಡುಪು ದೇವಾಲಯದ ಶಿಲ್ಪಗಳಿಂದ ಪ್ರೇರಿತ. ಚಲನೆ ಮತ್ತು ಸಂಗೀತಗಳು ರಾಜನೃತ್ಯದಿಂದ ಬಂದವು. ಆ ರಾಜನೃತ್ಯವೂ ಸಿಯಾಂ ಆಸ್ಥಾನದೊಂದಿಗೆ ಶತಮಾನಗಳ ಕೊಡುಕೊಳೆಯಿಂದ ರೂಪುಗೊಂಡದ್ದು. ಆದ್ದರಿಂದ ಅಪ್ಸರಾ ನೃತ್ಯವು ೧೨ನೆಯ ಶತಮಾನದಿಂದ ಹಾಗೆಯೇ ಉಳಿದುಬಂದದ್ದು ಎಂಬ ಜನಪ್ರಿಯ ಹೇಳಿಕೆ ಸರಿಯಲ್ಲ.

೧೯೭೫ರಿಂದ ೧೯೭೯ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ರಾಜನೃತ್ಯದ ಗುರುಗಳು, ನರ್ತಕಿಯರು ಮತ್ತು ವಾದಕರಲ್ಲಿ ಬಹುಪಾಲು ಮಂದಿ ಸಾವಿಗೀಡಾದರು. ಬದುಕುಳಿದ ಕೆಲವೇ ಹಿರಿಯರು ಒಬ್ಬರಿಗೊಬ್ಬರು ನೆನಪಿಸಿಕೊಳ್ಳುತ್ತಾ ಹೆಜ್ಜೆಗಳನ್ನೂ ಮುದ್ರೆಗಳನ್ನೂ ಮರಳಿ ಕೂಡಿಸಿ ಹೊಸ ಪೀಳಿಗೆಗೆ ಕಲಿಸಿದರು. ಕಾಂಬೋಡಿಯದ ರಾಜನೃತ್ಯವನ್ನು ಯುನೆಸ್ಕೊ ೨೦೦೩ರಲ್ಲಿ ಮಾನವಕುಲದ ಮೌಖಿಕ ಮತ್ತು ಅಮೂರ್ತ ಪರಂಪರೆಯ ಮೇರುಕೃತಿಯೆಂದು ಘೋಷಿಸಿತು. ೨೦೦೮ರಲ್ಲಿ ಅದು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ವಾದ್ಯಗಳ ಮರುನಿರ್ಮಾಣವೂ ನಡೆದಿದೆ. ಫ್ರೆಂಚ್ ಸಂಗೀತಶಾಸ್ತ್ರಜ್ಞ ಪ್ಯಾಟ್ರಿಕ್ ಕೆರ್ಸಾಲೆ ಅವರು ಖ್ಮೇರ್ ಕುಶಲಕರ್ಮಿಗಳೊಂದಿಗೆ ಸೇರಿ ಬಯೋನ್ ಮತ್ತಿತರ ದೇವಾಲಯಗಳ ಶಿಲ್ಪಗಳನ್ನು ಆಧರಿಸಿ ಅಂಗ್ಕೋರ್ ಕಾಲದ ಹಾರ್ಪ್ ಮತ್ತು ಇತರ ವಾದ್ಯಗಳನ್ನು ಮರಳಿ ತಯಾರಿಸಿದ್ದಾರೆ. ಇಂಡೊನೇಷ್ಯಾದಲ್ಲಿ ‘ಸೌಂಡ್ ಆಫ್ ಬೊರೊಬುದುರ್’ ಎಂಬ ಕಾರ್ಯಕ್ರಮದಡಿಯಲ್ಲಿ ಬೊರೊಬುದುರ್‌ನ ವಾದ್ಯಗಳನ್ನು ನಿರ್ಮಿಸಿ ಕಛೇರಿಗಳನ್ನು ನಡೆಸಲಾಗಿದೆ. ಇವುಗಳಲ್ಲಿ ಆಕಾರ ಶಿಲ್ಪದ್ದು, ಶ್ರುತಿ ಮತ್ತು ರಚನೆ ಇಂದಿನವರದು.

ಹಾನಿ ಮತ್ತು ಸಂರಕ್ಷಣೆ

ಬೊರೊಬುದುರ್ ಮತ್ತು ಪ್ರಂಬಾನನ್ ೧೯೯೧ರಲ್ಲಿಯೂ, ಅಂಗ್ಕೋರ್ ೧೯೯೨ರಲ್ಲಿಯೂ, ಮಿ ಸನ್ ೧೯೯೯ರಲ್ಲಿಯೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವುಗಳಿಗೆ ಆದ ಹಾನಿ ಹಲವು ಬಗೆಯದು. ೧೯೨೩ರಲ್ಲಿ, ಮುಂದೆ ಫ್ರಾನ್ಸಿನ ಸಂಸ್ಕೃತಿ ಸಚಿವರಾದ ಲೇಖಕ ಆಂದ್ರೆ ಮಾಲ್ರೊ ಬಂತೆಯ್ ಸ್ರೆಯ್‌ನಿಂದ ದೇವತಾಶಿಲ್ಪಗಳನ್ನು ಕಿತ್ತು ಸಾಗಿಸುವಾಗ ಸಿಕ್ಕಿಬಿದ್ದರು. ಆ ಶಿಲ್ಪಗಳನ್ನು ಮರಳಿ ಜೋಡಿಸಲಾಯಿತು. ೧೯೬೯ರ ಆಗಸ್ಟ್‌ನಲ್ಲಿ ಅಮೆರಿಕದ ಬಾಂಬ್ ದಾಳಿಯಲ್ಲಿ ಮಿ ಸನ್‌ನ ಪ್ರಧಾನ ಗೋಪುರ ನೆಲಸಮವಾಯಿತು. ಅದರ ಗೋಡೆಶಿಲ್ಪಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಭಾಗ ೨೦ನೆಯ ಶತಮಾನದ ಆರಂಭದಲ್ಲಿ ಪಾರ್ಮಾಂತಿಯೇ ಬರೆದಿಟ್ಟ ನಕ್ಷೆ ಮತ್ತು ರೇಖಾಚಿತ್ರಗಳಿಂದ ಬಂದದ್ದು. ೨೦೦೬ರ ಮೇ ತಿಂಗಳ ಭೂಕಂಪದಲ್ಲಿ ಪ್ರಂಬಾನನ್ ಹಾನಿಗೊಳಗಾಗಿ, ದುರಸ್ತಿ ನಡೆಯುತ್ತಿದ್ದ ಕಾಲದಲ್ಲಿ ನರ್ತಕರ ಫಲಕಗಳಿರುವ ಶಿವ ದೇವಾಲಯಕ್ಕೆ ಪ್ರವೇಶವನ್ನು ನಿರ್ಬಂಧಿಸಲಾಗಿತ್ತು. ಅಂಗ್ಕೋರ್‌ನ ಮರಳುಗಲ್ಲಿನಲ್ಲಿ ಮಳೆನೀರು ಮತ್ತು ಲವಣಗಳಿಂದ ಮೇಲ್ಮೈ ಪದರಗಳು ಕಳಚಿ ಬೀಳುತ್ತಿವೆ. ತೆಳುವಾಗಿ ಕೊರೆದ ಬೆರಳುಗಳು, ಆಭರಣಗಳು ಮತ್ತು ವಾದ್ಯದ ತಂತಿಗಳಂತಹ ಸೂಕ್ಷ್ಮ ಭಾಗಗಳೇ ಇದರಿಂದ ಮೊದಲು ಅಳಿಸಿಹೋಗುತ್ತವೆ.